ಈ ರಾತ್ರಿ ಎಸ್‌ಡಿಬಿ ಯಾರು?

ರಾತ್ರಿ ಹನ್ನೆರಡೂಕಾಲು. ವೈಟ್‌ಫೀಲ್ಡ್ ಕಡೆಯ ಡೇಟಾ ಸೆಂಟರೊಂದರ ಎರಡನೇ ಮಹಡಿಯಲ್ಲಿ ನೀವು ಕ್ರ್ಯಾಶ್ ಕಾರ್ಟ್ ತಳ್ಳಿಕೊಂಡು ಹೋಗುತ್ತಿದ್ದೀರಿ. ಒಂದು ಮಾನಿಟರ್, ಒಂದು ಕೀಬೋರ್ಡ್, ನಾಲ್ಕು ಚಕ್ರ. ನಾಲ್ಕರಲ್ಲಿ ಒಂದು ಹೇಳಿದ ಮಾತು ಕೇಳುವುದಿಲ್ಲ. ರ‍್ಯಾಕುಗಳ ಮುಂದೆ ನೆಲದ ತೂತುಗಳಿಂದ ತಣ್ಣನೆ ಗಾಳಿ ಏಳುತ್ತಿದೆ, ಹಿಂದುಗಡೆ ಹೋದರೆ ಬೆವರು. ಫ್ಯಾನುಗಳ ಸದ್ದಿನಲ್ಲಿ ಫೋನಿನ ಮಾತು ಕೇಳಿಸಬೇಕೆಂದರೆ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಳ್ಳಬೇಕು.

ಕೆಲಸವೇನೋ ಸಣ್ಣದೇ. ಮೂರು ಲಿನಕ್ಸ್ ಸರ್ವರ್‌ಗಳಿಗೆ ಹೊಸ ಕರ್ನಲ್ ಹಾಕಿ ಒಂದಾದ ಮೇಲೊಂದು ರೀಬೂಟ್ ಮಾಡುವುದು. ಆಮೇಲೆ ಸ್ಟೋರೇಜಿಗೆ ಎರಡನೆಯ ದಾರಿಯೊಂದನ್ನು ಜೋಡಿಸುವುದು. ನಾಲ್ಕು ಗಂಟೆಯೊಳಗೆ ಎಲ್ಲ ಮುಗಿದಿರಬೇಕು. ಮೂರು ಸರ್ವರ್‌ಗಳೂ ಸೇರಿ ಒಂದು ಕ್ಲಸ್ಟರ್. ವಿಮಾ ಕಂಪನಿಯೊಂದರ ಸ್ಕ್ಯಾನ್ ಮಾಡಿದ ಕಾಗದಗಳೆಲ್ಲ ಇಲ್ಲಿಗೆ ಬಂದು ಬೀಳುತ್ತವೆ: ಅರ್ಜಿ, ಆಸ್ಪತ್ರೆ ಬಿಲ್ಲು, ಮರಣ ಪ್ರಮಾಣಪತ್ರ. ಮೂರೂ ಯಂತ್ರಗಳು ಏಕಕಾಲಕ್ಕೆ ಅದೇ ಡಿಸ್ಕಿಗೆ ಬರೆಯುತ್ತವೆ. ಡಿಸ್ಕುಗಳು ಸರ್ವರಿನೊಳಗಿಲ್ಲ, ಎದುರು ಸಾಲಿನ ಎರಡು ಸ್ಟೋರೇಜ್ ಪೆಟ್ಟಿಗೆಗಳಲ್ಲಿವೆ. ನಡುವೆ ಇರುವುದು ಮಾಮೂಲಿ ನೆಟ್‌ವರ್ಕ್ ಕೇಬಲ್. ಡಿಸ್ಕಿಗೆ ಕೊಡುವ ಆಜ್ಞೆಗಳನ್ನು ಟಿಸಿಪಿ ಪ್ಯಾಕೆಟ್ಟಿನಲ್ಲಿ ಸುತ್ತಿ 3260ನೇ ಪೋರ್ಟಿಗೆ ಕಳಿಸುವ ಐಸ್ಕಸಿ ಪದ್ಧತಿ ಇದು. ಒಂದು ಪೆಟ್ಟಿಗೆ ಕೊಡುವ ಡಿಸ್ಕು (ಇದಕ್ಕೆ ಲನ್ ಎನ್ನುತ್ತಾರೆ) ಸ್ಕ್ಯಾನ್ ಕಡತಗಳಿಗೆ, ಇನ್ನೊಂದು ಪೆಟ್ಟಿಗೆಯದು ಬ್ಯಾಕಪ್ಪಿಗೆ.

ಎರಡರ ಮೇಲೂ ಇರುವ ಫೈಲ್ ಸಿಸ್ಟಮ್ಮಿನ ಹೆಸರು ಓಸಿಎಫ್‌ಎಸ್2. ಒರಾಕಲ್ ಕಂಪನಿಯವರು ಬರೆದದ್ದು. 2006ರ ಮಾರ್ಚಿನಲ್ಲಿ ಬಂದ 2.6.16 ಕರ್ನಲ್ಲಿನಿಂದ ಲಿನಕ್ಸಿನೊಳಗೇ ಇದೆ. ಮಾಮೂಲಿ ಇಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಡಿಸ್ಕನ್ನು ಎರಡು ಯಂತ್ರಗಳಿಂದ ಮೌಂಟ್ ಮಾಡಿದರೆ ಪ್ರತಿಯೊಂದೂ ತಾನೊಬ್ಬನೇ ಯಜಮಾನ ಎಂದುಕೊಂಡು ಬರೆಯುತ್ತದೆ, ಸ್ವಲ್ಪ ಹೊತ್ತಿಗೆ ಎರಡೂ ಸೇರಿ ಡಿಸ್ಕನ್ನು ಹಾಳುಗೆಡವಿರುತ್ತವೆ. ಓಸಿಎಫ್‌ಎಸ್2 ಹಾಗಲ್ಲ. ಬರೆಯುವ ಮುಂಚೆ ಉಳಿದ ಯಂತ್ರಗಳಿಂದ ಬೀಗ ಕೇಳಿ ಪಡೆಯುತ್ತದೆ. ಎರಡು ಸೆಕೆಂಡಿಗೊಮ್ಮೆ ಪ್ರತಿ ಯಂತ್ರವೂ ಡಿಸ್ಕಿನ ಒಂದು ಮೂಲೆಯಲ್ಲಿ ‘ನಾನಿದ್ದೇನೆ’ ಎಂದು ಗುರುತು ಹಾಕುತ್ತಿರುತ್ತದೆ.

ಮೊದಲನೆಯ ಸರ್ವರ್ ರೀಬೂಟ್ ಆಗಿ ಸರಿಯಾಗಿ ಎದ್ದಿತು. ಈಗ ಎರಡನೆಯದು. ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಓಡಿ, ಲಾಗಿನ್ ಕೇಳುತ್ತಿದೆ. ಒಳಗೆ ಹೋಗಿ ಮೌಂಟ್ ಪಟ್ಟಿ ನೋಡುತ್ತೀರಿ. ಸ್ಕ್ಯಾನ್, ಬ್ಯಾಕಪ್, ಎರಡೂ ಇವೆ. ಕ್ಲಸ್ಟರ್ ಸೇವೆ ಆನ್‌ಲೈನ್. ಲಾಗಿನಲ್ಲಿ ಕೆಂಪು ಗೆರೆ ಒಂದೂ ಇಲ್ಲ. ಚೆಕ್‌ಲಿಸ್ಟಿನಲ್ಲಿ ಟಿಕ್ ಹಾಕಿ ಮೂರನೆಯದಕ್ಕೆ ಹೋಗಬಹುದು. ಹೋಗುವವರೇ ಹೆಚ್ಚು.

ನೀವು ಸುಮ್ಮನೆ ಸ್ಕ್ಯಾನ್ ಡೈರೆಕ್ಟರಿಯೊಳಗೆ ಏನಿದೆ ಎಂದು ಕೇಳುತ್ತೀರಿ. ಪರದೆಯ ಮೇಲೆ ಬರುವುದು ತಾರೀಖು ಹೊತ್ತ ಬ್ಯಾಕಪ್ ಕಟ್ಟುಗಳು. ತಪ್ಪು ಡೈರೆಕ್ಟರಿಗೆ ಬಂದೆನೇನೋ ಎಂದು ಮತ್ತೆ ಕೇಳುತ್ತೀರಿ. ಅದೇ ಉತ್ತರ. ಬ್ಯಾಕಪ್ ಡೈರೆಕ್ಟರಿಗೆ ಹೋಗಿ ನೋಡಿದರೆ ಅಲ್ಲಿ ಸ್ಕ್ಯಾನ್ ಕಡತಗಳು, ವರ್ಷ ತಿಂಗಳು ದಿನ ಎಂದು ವಿಂಗಡಿಸಿಟ್ಟದ್ದು, ಅಚ್ಚುಕಟ್ಟಾಗಿ ಕೂತಿವೆ.

ತಣ್ಣನೆ ಗಾಳಿಯಲ್ಲಿ ನಿಂತೂ ಕಿವಿ ಬಿಸಿಯಾಗುತ್ತದೆ. ಯಾಕೆಂದರೆ ಬ್ಯಾಕಪ್ ಡೈರೆಕ್ಟರಿಯಲ್ಲಿ ದಿನವೂ ಬೆಳಗಿನ ಜಾವ ಒಂದು ಸ್ಕ್ರಿಪ್ಟ್ ಓಡುತ್ತದೆ, ಮೂವತ್ತು ದಿನಕ್ಕಿಂತ ಹಳೆಯದನ್ನೆಲ್ಲ ಅಳಿಸಿ ಜಾಗ ಮಾಡುತ್ತದೆ. ಈ ಯಂತ್ರದಲ್ಲಿ ಅದು ಓಡಿದ್ದರೆ ವರ್ಷಗಳ ಕಾಗದಪತ್ರ ಗುಡಿಸಿಹೋಗುತ್ತಿತ್ತು. ಅದೂ ಇಲ್ಲಿ ಮಾತ್ರವಲ್ಲ. ಹಂಚಿಕೊಂಡ ಡಿಸ್ಕಾದ್ದರಿಂದ ಮೂರೂ ಕಡೆ ಒಟ್ಟಿಗೇ. ಕ್ಲಸ್ಟರಿನ ಬೀಗ ಇದನ್ನು ತಡೆಯುವುದಿಲ್ಲ. ಬೀಗ ನೋಡುವುದು ಇಬ್ಬರು ಒಂದೇ ಜಾಗಕ್ಕೆ ಒಟ್ಟಿಗೆ ಬರೆಯುತ್ತಿಲ್ಲ ತಾನೇ ಎಂದಷ್ಟೆ. ಯಾವ ಡಿಸ್ಕನ್ನು ಯಾವ ಡೈರೆಕ್ಟರಿಗೆ ಕಟ್ಟಿದ್ದೀರಿ ಎಂದು ಅದು ಕೇಳುವುದೇ ಇಲ್ಲ. ಸ್ಕ್ಯಾನೂ ಓಸಿಎಫ್‌ಎಸ್2, ಬ್ಯಾಕಪ್ಪೂ ಓಸಿಎಫ್‌ಎಸ್2. ಎರಡೂ ಈ ಕ್ಲಸ್ಟರಿನವೇ. ಅದರ ಲೆಕ್ಕದಲ್ಲಿ ಎಲ್ಲ ಸರಿಯಾಗಿದೆ.

ಮೊದಲು ಎರಡನ್ನೂ ಅನ್‌ಮೌಂಟ್ ಮಾಡುತ್ತೀರಿ, ಸ್ಕ್ರಿಪ್ಟನ್ನು ಮೂರೂ ಕಡೆ ನಿಲ್ಲಿಸುತ್ತೀರಿ. ಉಸಿರು ಒಂದು ಹದಕ್ಕೆ ಬಂದಮೇಲೆ ಎಫ್‌ಎಸ್‌ಟ್ಯಾಬ್ ತೆರೆಯುತ್ತೀರಿ. ಬೂಟ್ ಆಗುವಾಗ ಏನನ್ನು ಎಲ್ಲಿಗೆ ಮೌಂಟ್ ಮಾಡಬೇಕೆಂದು ಬರೆದಿಟ್ಟ ಫೈಲು ಅದು. ಹಿಂದೆ ಇದ್ದವರು ಬರೆದ ಎರಡು ಸಾಲು ಕಾಣುತ್ತವೆ: ಎಸ್‌ಡಿಬಿ ಸ್ಕ್ಯಾನಿಗೆ, ಎಸ್‌ಡಿಸಿ ಬ್ಯಾಕಪ್ಪಿಗೆ.

ಫೋನ್ ಎತ್ತುತ್ತೀರಿ. ಸ್ಟೋರೇಜ್ ನೋಡಿಕೊಳ್ಳುವ ಇಂಜಿನಿಯರ್ ಧಾರವಾಡದ ಕಡೆಯವರು; ಮನೆಯಿಂದಲೇ ಲಾಗಿನ್ ಆಗಿ ಕೂತಿದ್ದಾರೆ.

‘ಮೇಡಂ, ಎರಡನೇ ನೋಡ್‌ನಲ್ಲಿ ಡಿಸ್ಕ್ ಅದಲುಬದಲಾಗಿದೆ. ಪೆಟ್ಟಿಗೆ ಕಡೆ ಏನಾದ್ರೂ ಮುಟ್ಟಿದ್ರಾ?’

‘ನಾ ಏನೂ ಮುಟ್ಟಿಲ್ರೀ. ಎಫ್‌ಎಸ್‌ಟ್ಯಾಬ್‌ನಾಗ ಏನ್ ಬರದಾರ ನೋಡ್ರಿ.’

‘ಎಸ್‌ಡಿಬಿ, ಎಸ್‌ಡಿಸಿ ಅಂತ ಇದೆ.’

ಒಂದು ಗಳಿಗೆ ಮೌನ. ‘ಹಂಗಾದ್ರ ಇಷ್ಟ ದಿನ ಸರಿ ನಡದದ್ದ ದೊಡ್ಡದ್ರಿ.’

ಕರ್ನಲ್ಲಿನ ಲಾಗನ್ನು ಹಿಂದಕ್ಕೆ ಸರಿಸುತ್ತೀರಿ. ಉತ್ತರ ಅಲ್ಲೇ ಇದೆ. ಸರ್ವರಿನೊಳಗಿನ ಡಿಸ್ಕು ಎಸ್‌ಡಿಎ ಆಯಿತು. ಆಮೇಲೆ ನೆಟ್‌ವರ್ಕ್ ಎದ್ದಿತು, ಐಸ್ಕಸಿ ಸೇವೆ ಎರಡೂ ಪೆಟ್ಟಿಗೆಗಳಿಗೆ ಒಟ್ಟೊಟ್ಟಿಗೇ ಲಾಗಿನ್ ಕಳಿಸಿತು. ಪ್ರತಿ ಸಲ ಸ್ಕ್ಯಾನ್ ಪೆಟ್ಟಿಗೆ ಮೊದಲು ಉತ್ತರ ಕೊಡುತ್ತಿತ್ತು. ಈ ರಾತ್ರಿ ಬ್ಯಾಕಪ್ ಪೆಟ್ಟಿಗೆ ಕೂದಲೆಳೆಯಷ್ಟು ಮುಂಚೆ ಕೊಟ್ಟಿದೆ. ಮೊದಲು ಕಂಡದ್ದಕ್ಕೆ ಎಸ್‌ಡಿಬಿ, ಆಮೇಲೆ ಕಂಡದ್ದಕ್ಕೆ ಎಸ್‌ಡಿಸಿ. ಕರ್ನಲ್ಲಿಗೆ ಅದರಾಚೆಗೆ ಯಾವ ಲೆಕ್ಕವೂ ಇಲ್ಲ. ಇಪ್ಪತ್ತಾರು ಅಕ್ಷರ ಮುಗಿದರೆ ಎಸ್‌ಡಿಎಎ ಎಂದು ಮುಂದುವರಿಯುತ್ತದೆ, ಅಷ್ಟೆ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಮ್ಮದು ಇವತ್ತು ಎಷ್ಟನೆಯ ಜಾಗವೋ ಅದು ಎಸ್‌ಡಿಬಿ. ರೇಷನ್ ಕಾರ್ಡಿನ ನಂಬರೇ ಬೇರೆ. ಹಿಂದಿನವರು ಸಾಲಿನ ಜಾಗ ನೋಡಿ ಅಕ್ಕಿ ಅಳೆದುಕೊಡಿ ಎಂದು ಬರೆದಿಟ್ಟು ಹೋಗಿದ್ದಾರೆ.

ಇದು ಐಸ್ಕಸಿಯೊಂದರ ತೊಂದರೆ ಎಂದುಕೊಳ್ಳಬೇಡಿ. ಫೈಬರ್ ಚಾನಲ್ ಇದ್ದರೂ ಹೊಸ ಲನ್ ಒಂದನ್ನು ಸೇರಿಸಿದರೆ, ಕಾರ್ಡಿನ ಸ್ಲಾಟ್ ಬದಲಿಸಿದರೆ, ಡ್ರೈವರ್‌ಗಳು ಲೋಡ್ ಆಗುವ ಕ್ರಮ ಹೆಚ್ಚುಕಮ್ಮಿಯಾದರೆ ಹೀಗೇ ಆಗುತ್ತದೆ. ಯುಎಸ್‌ಬಿ ಪೆನ್‌ಡ್ರೈವ್ ಮರೆತು ಸಿಕ್ಕಿಸಿಟ್ಟು ರೀಬೂಟ್ ಮಾಡಿದವರನ್ನು ಕೇಳಿ ನೋಡಿ. ಒಂಟಿ ಸರ್ವರಿನಲ್ಲಾದರೆ ಒಂದೇ ಯಂತ್ರ ಕೆಡುತ್ತದೆ. ಕ್ಲಸ್ಟರಿನಲ್ಲಿ ಮೂರು ಯಂತ್ರಗಳು ಅದೇ ಡಿಸ್ಕನ್ನು ಮೂರು ಹೆಸರಿನಿಂದ ಕರೆಯುತ್ತಿರಬಹುದು, ಮೂರೂ ತಮ್ಮದೇ ಸರಿ ಎಂದುಕೊಂಡಿರುತ್ತವೆ.

ಲಿನಕ್ಸಿನವರಿಗೆ ಇದು ಗೊತ್ತಿಲ್ಲದ್ದೇನಲ್ಲ. 2003ರಲ್ಲೇ ಗ್ರೆಗ್ ಕ್ರೋ-ಹಾರ್ಟ್‌ಮನ್ ಅವರು ಯುಡೆವ್ ಎಂಬ ವ್ಯವಸ್ಥೆಯನ್ನು ಮುಂದಿಟ್ಟರು; ಸಾಧನಗಳಿಗೆ ರೀಬೂಟಿಗೊಮ್ಮೆ ಬದಲಾಗದ ಹೆಸರು ಕೊಡುವುದೂ ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಡೆವ್ ಡೈರೆಕ್ಟರಿಯಲ್ಲಿ ಡಿಸ್ಕ್ ಎಂಬುದರ ಒಳಗೆ ಹೋಗಿ ನೋಡಿ, ಯುಡೆವ್ ಮಾಡಿಟ್ಟ ಗುಂಪುಗಳು ಕಾಣುತ್ತವೆ. ಲೇಬಲ್ಲಿನ ಪ್ರಕಾರ, ಯುಯುಐಡಿ ಎಂಬ ಫೈಲ್ ಸಿಸ್ಟಮ್ಮಿನ ಗುರುತಿನ ಪ್ರಕಾರ, ಡಿಸ್ಕಿನ ಸ್ವಂತ ಗುರುತಿನ ಪ್ರಕಾರ, ಬಂದ ದಾರಿಯ ಪ್ರಕಾರ. ದಾರಿಯದ್ದನ್ನು ಬಿಟ್ಟುಬಿಡಿ, ಪೆಟ್ಟಿಗೆಯ ಐಪಿ ವಿಳಾಸ ಬದಲಾದ ದಿನ ಅದೂ ಬದಲಾಗುತ್ತದೆ.

ಡಿಸ್ಕುಗಳ ಲೇಬಲ್, ಯುಯುಐಡಿ ತೋರಿಸುವ ಬಿಎಲ್‌ಕೆಐಡಿ ಆಜ್ಞೆಯನ್ನು ನೀವೀಗ ಕೊಡುತ್ತೀರಿ. ಎಸ್‌ಡಿಬಿಯ ಎದುರು ಲೇಬಲ್ ‘ಬ್ಯಾಕಪ್’, ಎಸ್‌ಡಿಸಿಯ ಎದುರು ‘ಸ್ಕ್ಯಾನ್’. ಅಂದರೆ ಫಾರ್ಮ್ಯಾಟ್ ಮಾಡಿದ ಪುಣ್ಯಾತ್ಮರು ಲೇಬಲ್ ಹಾಕಿಯೇ ಇದ್ದರು. ಎಫ್‌ಎಸ್‌ಟ್ಯಾಬ್ ಬರೆದವರು ಅದನ್ನು ಬಳಸಲಿಲ್ಲ. ಓಸಿಎಫ್‌ಎಸ್2 ಜೊತೆಗೆ ಬರುವ ಮೌಂಟೆಡ್ ಎಂಬ ಉಪಕರಣವನ್ನೂ ಓಡಿಸುತ್ತೀರಿ. ಯಾವ ಲೇಬಲ್ಲಿನ ಡಿಸ್ಕನ್ನು ಯಾವ ಯಂತ್ರಗಳು ಹಿಡಿದುಕೊಂಡಿವೆ ಎಂಬುದನ್ನು ಅದು ಡಿಸ್ಕಿನಿಂದಲೇ ಓದಿ ಹೇಳುತ್ತದೆ. ಒಂದನೆಯ ಮತ್ತು ಮೂರನೆಯ ಯಂತ್ರಗಳ ಹೆಸರು ಬರುತ್ತದೆ. ಇದನ್ನು ನೋಡದೆ ಫಾರ್ಮ್ಯಾಟ್, ದುರಸ್ತಿ ಎಂದು ಕೈಹಾಕುವವರ ಪಕ್ಕದಲ್ಲಿ ನಿಲ್ಲಬೇಡಿ. ಇಲ್ಲಿಂದ ಖಾಲಿ ಕಾಣುವ ಡಿಸ್ಕು ಪಕ್ಕದ ಯಂತ್ರದಲ್ಲಿ ತುಂಬಿ ಓಡುತ್ತಿರಬಹುದು.

ಎಫ್‌ಎಸ್‌ಟ್ಯಾಬಿನಲ್ಲಿ ಎಸ್‌ಡಿಬಿ ಅಳಿಸಿ ಲೇಬಲ್ ಬರೆಯುತ್ತೀರಿ. ಮೌಂಟ್ ಮಾಡುತ್ತೀರಿ. ಸ್ಕ್ಯಾನಿನೊಳಗೆ ಸ್ಕ್ಯಾನ್, ಬ್ಯಾಕಪ್ಪಿನೊಳಗೆ ಬ್ಯಾಕಪ್. ಯುಯುಐಡಿ ಬರೆದರೂ ಆಗುತ್ತಿತ್ತು. ಆದರೆ ಮೂವತ್ತಾರು ಅಕ್ಷರದ ಆ ಸರಣಿಯನ್ನು ರಾತ್ರಿ ಒಂದು ಗಂಟೆಗೆ ಫೋನಿನಲ್ಲಿ ಓದಿಹೇಳುವ ಕೆಲಸ ಯಾರಿಗೂ ಬೇಡ. ಇಲ್ಲಿಗೆ ನಿಲ್ಲಿಸುವ ಲೇಖನಗಳು, ಕೈಪಿಡಿಗಳು ಬೇಕಾದಷ್ಟಿವೆ. ಒಂದೇ ಕೇಬಲ್ ಇರುವ ತನಕ ಅವು ಹೇಳುವುದೂ ಸರಿಯೇ.

‘ಲೇಬಲ್ ಹಾಕಿದೆ ಮೇಡಂ, ಸರಿಹೋಯ್ತು.’

‘ಒಂದ್ ತಾಸು ತಡೀರಿ, ಮತ್ತ ತಪ್ಪತೈತಿ. ಎರಡನೇ ಕೇಬಲ್ ಹಾಕೋದ ಐತಲ್ರೀ.’

ಹಾಕುತ್ತೀರಿ. ರ‍್ಯಾಕಿನ ಹಿಂದೆ ಬಿಸಿಗಾಳಿಯಲ್ಲಿ ಬಗ್ಗಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡನೆಯ ಸ್ವಿಚ್ಚಿನಿಂದ ಬಂದ ನೀಲಿ ಕೇಬಲ್ಲನ್ನು ಖಾಲಿ ಪೋರ್ಟಿಗೆ ಒತ್ತುತ್ತೀರಿ. ಟಕ್ ಎಂದು ಕೂತು ಹಸಿರು ದೀಪ ಮಿಣುಕುತ್ತದೆ. ಮುಂದೆ ಬಂದು ಎರಡನೆಯ ದಾರಿಗೂ ಲಾಗಿನ್ ಮಾಡಿ ಪಟ್ಟಿ ತೆಗೆದರೆ ಈಗ ಎರಡಲ್ಲ, ನಾಲ್ಕು ಡಿಸ್ಕು: ಬಿ, ಸಿ, ಡಿ, ಇ. ಎರಡರ ಮೇಲೆ ಸ್ಕ್ಯಾನ್ ಎಂಬ ಲೇಬಲ್, ಎರಡರ ಮೇಲೆ ಬ್ಯಾಕಪ್. ಡಿಸ್ಕು ಹೆಚ್ಚಾಗಿಲ್ಲ. ಅದೇ ಲನ್ ಎರಡು ದಾರಿಯಲ್ಲಿ ಬಂದು ಎರಡು ಮುಖ ತೋರಿಸುತ್ತಿದೆ. ಲೇಬಲ್, ಯುಯುಐಡಿ ಎರಡೂ ಡಿಸ್ಕಿನ ಮೇಲೆ ಬರೆದಿರುವುದರಿಂದ ಎರಡೂ ಮುಖದಲ್ಲಿ ಅವೇ ಕಾಣುತ್ತವೆ. ಲೇಬಲ್ ಹುಡುಕಿ ಮೌಂಟ್ ಮಾಡು ಎಂದರೆ ಯಾವುದೋ ಒಂದು ಸಿಗುತ್ತದೆ. ಆ ಒಂದರ ಕೇಬಲ್ ಕಿತ್ತರೆ, ಇನ್ನೊಂದು ದಾರಿ ಚೆನ್ನಾಗಿದ್ದರೂ, ಡಿಸ್ಕು ಹೋಯಿತು. ಎರಡನೆಯ ಕೇಬಲ್ಲಿಗೆ ಕೊಟ್ಟ ದುಡ್ಡು ದಂಡ.

ಎರಡು ದಾರಿಯನ್ನು ಸೇರಿಸಿ ಒಂದೇ ಡಿಸ್ಕೆಂದು ತೋರಿಸುವುದು ಮಲ್ಟಿಪಾತ್‌ನ ಕೆಲಸ. ಪ್ರತಿ ಲನ್ನಿಗೂ ಸ್ಟೋರೇಜ್ ಪೆಟ್ಟಿಗೆಯೇ ಕೊಟ್ಟ ಉದ್ದನೆಯ ಗುರುತೊಂದಿರುತ್ತದೆ, ಡಬ್ಲ್ಯುಡಬ್ಲ್ಯುಐಡಿ ಎನ್ನುತ್ತಾರೆ. ಯಾವ ಯಂತ್ರದಿಂದ, ಯಾವ ಕೇಬಲ್ಲಿನಿಂದ ಕೇಳಿದರೂ ಅದು ಒಂದೇ. ಇಲ್ಲಿಯ ಪೆಟ್ಟಿಗೆಗಳೊಳಗೂ ಲಿನಕ್ಸಿನದೇ ಎಲ್‌ಐಒ ಟಾರ್ಗೆಟ್ ಇರುವುದರಿಂದ ಎರಡೂ ಗುರುತು 36001405 ಎಂದು ಶುರುವಾಗಿ, ಅಲ್ಲಿಂದ ಮುಂದೆ ಬೇರೆಯಾಗುತ್ತವೆ. ಒಂದೇ ಗುರುತು ಹೇಳುವ ಎಸ್‌ಡಿ ಡಿಸ್ಕುಗಳನ್ನು ಮಲ್ಟಿಪಾತ್ ಒಟ್ಟುಗೂಡಿಸಿ ಮ್ಯಾಪರ್ ಡೈರೆಕ್ಟರಿಯಲ್ಲಿ ಒಂದು ಹೆಸರು ಇಡುತ್ತದೆ.

ಈ ಯಂತ್ರದಲ್ಲಿ ಎರಡನ್ನೂ ಮತ್ತೆ ಅನ್‌ಮೌಂಟ್ ಮಾಡುತ್ತೀರಿ. ಮೌಂಟ್ ಆಗಿರುವ ಎಸ್‌ಡಿ ಡಿಸ್ಕನ್ನು ಮಲ್ಟಿಪಾತ್ ಹಿಡಿಯಲಾರದು. ಸೇವೆ ಶುರುಮಾಡಿದಾಗ ಎರಡು ಹೆಸರು ಬರುತ್ತವೆ: ಎಂಪಾತ್‌ಎ, ಎಂಪಾತ್‌ಬಿ. ನೋಡಲು ಮುದ್ದಾಗಿವೆ. ಎಫ್‌ಎಸ್‌ಟ್ಯಾಬಿಗೆ ಹಾಕೋಣ ಅನ್ನಿಸುತ್ತದೆ. ಹಾಕಬೇಡಿ. ಈ ಹೆಸರುಗಳನ್ನು ಮಲ್ಟಿಪಾತ್ ಬೈಂಡಿಂಗ್ಸ್ ಎಂಬ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಆದ್ದರಿಂದ ರೀಬೂಟ್ ಆದರೂ ಈ ಯಂತ್ರದಲ್ಲಿ ಬದಲಾಗವು. ಆದರೆ ಆ ಫೈಲು ಪ್ರತಿ ಯಂತ್ರಕ್ಕೂ ಬೇರೆ. ಪಕ್ಕದ ಯಂತ್ರ ಮೊದಲು ಯಾವುದನ್ನು ಕಂಡಿತೋ ಅದಕ್ಕೆ ಎಂಪಾತ್‌ಎ ಎಂದಿರುತ್ತದೆ. ಎಸ್‌ಡಿಬಿಯ ಕಥೆಯೇ ಇನ್ನೊಂದು ವೇಷದಲ್ಲಿ, ಈ ಸಲ ರೀಬೂಟ್‌ನಿಂದ ರೀಬೂಟಿಗಲ್ಲ, ಯಂತ್ರದಿಂದ ಯಂತ್ರಕ್ಕೆ. ಕ್ಲಸ್ಟರ್ ಮಾಡುವವರು ಬೀಳುವುದು ಹೆಚ್ಚಾಗಿ ಈ ಎರಡನೆಯ ಹಳ್ಳಕ್ಕೆ.

ಆದ್ದರಿಂದ ಮಲ್ಟಿಪಾತ್‌ನ ಕಾನ್ಫಿಗ್ ಫೈಲಿನಲ್ಲಿ ಈ ಡಬ್ಲ್ಯುಡಬ್ಲ್ಯುಐಡಿಗೆ ‘ಸ್ಕ್ಯಾನ್’, ಆ ಡಬ್ಲ್ಯುಡಬ್ಲ್ಯುಐಡಿಗೆ ‘ಬ್ಯಾಕಪ್’ ಎಂದು ಅಲಿಯಾಸ್ ಬರೆಯುತ್ತೀರಿ. ಮೇಡಂ ಪೆಟ್ಟಿಗೆಯ ಕಡೆಯಿಂದ ನಂಬರಿನ ಕೊನೆಯ ಆರು ಅಂಕಿ ಓದುತ್ತಾರೆ, ನೀವು ಪರದೆಯ ಮೇಲೆ ಬೆರಳಿಟ್ಟು ಹೂಂ ಅನ್ನುತ್ತೀರಿ. ಅದೇ ಫೈಲು ಮೂರೂ ಯಂತ್ರಕ್ಕೆ ನಕಲಾಗುತ್ತದೆ. ಮಲ್ಟಿಪಾತ್ ಪಟ್ಟಿ ತೆಗೆದಾಗ ಸ್ಕ್ಯಾನ್ ಎಂಬ ಹೆಸರಿನ ಕೆಳಗೆ ಎರಡು ಗೆರೆ, ಎರಡರ ಎದುರೂ ‘ಆಕ್ಟಿವ್ ರೆಡಿ ರನ್ನಿಂಗ್’.

ಎಫ್‌ಎಸ್‌ಟ್ಯಾಬಿನ ಸಾಲು ಈಗ ಮ್ಯಾಪರ್‌ನ ಸ್ಕ್ಯಾನ್ ಎಂದು ಶುರುವಾಗುತ್ತದೆ. ಆಯ್ಕೆಗಳ ಜಾಗದಲ್ಲಿ ಅಂಡರ್‌ಸ್ಕೋರ್ ಹಾಕಿ ನೆಟ್‌ಡೆವ್: ನೆಟ್‌ವರ್ಕ್ ಏಳುವ ಮುಂಚೆ ಇದಕ್ಕೆ ಕೈಹಾಕಬೇಡ ಎಂದು. ಪಕ್ಕದಲ್ಲಿ ನೋಫೇಲ್: ಡಿಸ್ಕು ಸಿಗದಿದ್ದರೂ ಬೂಟ್ ನಿಲ್ಲಿಸಬೇಡ, ನಾನು ಮನೆಯಿಂದಲೇ ಲಾಗಿನ್ ಆಗುವಂತಿರಲಿ ಎಂದು. ಇನ್ನೊಂದು ಆಯ್ಕೆಯಲ್ಲಿ ಓ2ಸಿಬಿ ಎಂಬ ಕ್ಲಸ್ಟರ್ ಸೇವೆ ಮೊದಲು ಏಳಬೇಕೆಂಬ ಷರತ್ತು. ಕೊನೆಯಲ್ಲಿ ಎರಡು ಸೊನ್ನೆ. ಎರಡನೆಯ ಸೊನ್ನೆ ಬಹಳ ಮುಖ್ಯ. ಬೂಟ್ ಆಗುವಾಗ ಈ ಡಿಸ್ಕನ್ನು ತಾನಾಗಿ ದುರಸ್ತಿಗೆ ತೆಗೆದುಕೊಳ್ಳಬೇಡ, ಪಕ್ಕದ ಯಂತ್ರ ಅದರಲ್ಲಿ ಬರೆಯುತ್ತಿರಬಹುದು.

ನೋಫೇಲ್ ಎಂದಮೇಲೆ ಇನ್ನೊಂದು ಅಪಾಯವಿದೆ. ಡಿಸ್ಕು ಮೌಂಟ್ ಆಗದೆ ಸ್ಕ್ಯಾನ್ ಡೈರೆಕ್ಟರಿ ಖಾಲಿ ನಿಂತಿದ್ದರೆ ಅಪ್ಲಿಕೇಶನ್ ಆ ಖಾಲಿ ಡೈರೆಕ್ಟರಿಗೇ, ಅಂದರೆ ಸರ್ವರಿನ ಒಳಡಿಸ್ಕಿಗೇ, ಬರೆಯುತ್ತಾ ಹೋಗುತ್ತದೆ. ಹಾಗಾಗಿ ಅನ್‌ಮೌಂಟ್ ಆಗಿರುವಾಗಲೇ ಆ ಖಾಲಿ ಡೈರೆಕ್ಟರಿಗೆ ಬದಲಿಸಲಾಗದ ಗುರುತು ಹಾಕುತ್ತೀರಿ. ಮೌಂಟ್ ಆಗದಿದ್ದರೆ ರೂಟ್ ಬಳಕೆದಾರನಿಗೂ ಅಲ್ಲೊಂದು ಫೈಲು ಮಾಡಲು ಬರುವುದಿಲ್ಲ. ಒಂದು ಸಾಲಿನ ಆಜ್ಞೆ. ಚೆಕ್‌ಲಿಸ್ಟುಗಳಲ್ಲಿ ಇದು ಯಾಕೋ ಇರುವುದೇ ಇಲ್ಲ.

ಒಂದೂಮುಕ್ಕಾಲು. ಹೆಸರು ಸರಿಯಾಯಿತು, ದಾರಿ ನಿಜವಾಗಿ ಬದಲಾಗುತ್ತದೆಯೇ ಎಂದು ನೋಡಬೇಕು. ಮೊದಲ ಕೇಬಲ್ ಕೀಳುವ ಮುಂಚೆ ಮೇಡಂ ತಡೆಯುತ್ತಾರೆ: ‘ಟೈಮೌಟ್ ನೋಡಿ ಕೀಳ್ರಿ.’ ಐಸ್ಕಸಿಯ ಮೂಲ ಲೆಕ್ಕದಲ್ಲಿ ಕಡಿದ ದಾರಿ ಮರಳಿ ಬರಲಿ ಎಂದು 120 ಸೆಕೆಂಡು ಕಾಯುತ್ತದೆ, ಅಲ್ಲಿಯವರೆಗೆ ದೋಷವನ್ನು ಮೇಲಕ್ಕೆ ಹೇಳುವುದಿಲ್ಲ. ಓಸಿಎಫ್‌ಎಸ್2ಗೆ ಅಷ್ಟು ತಾಳ್ಮೆ ಇಲ್ಲ. ಅದರ ಮೂಲ ಮಿತಿ 31. ಒಂದು ಕಳೆದು ಎರಡರಿಂದ ಗುಣಿಸಿದರೆ 60 ಸೆಕೆಂಡು. ಅಷ್ಟರೊಳಗೆ ‘ನಾನಿದ್ದೇನೆ’ ಎಂಬ ಗುರುತು ಡಿಸ್ಕಿಗೆ ಬೀಳದಿದ್ದರೆ ಯಂತ್ರ ತನ್ನನ್ನು ತಾನೇ ರೀಬೂಟ್ ಮಾಡಿಕೊಳ್ಳುತ್ತದೆ, ಉಳಿದವರ ಡೇಟಾ ಕೆಡಬಾರದೆಂದು. ಅಂದರೆ ಎರಡನೆಯ ದಾರಿ ಚೆನ್ನಾಗಿದ್ದೂ, ಮೊದಲನೆಯದರ ಸಾವಿನ ಸುದ್ದಿ ಮಲ್ಟಿಪಾತ್‌ಗೆ ಮುಟ್ಟುವ ಮುಂಚೆಯೇ ಸರ್ವರ್ ಬಿದ್ದಿರುತ್ತದೆ. ಐಸ್ಕಸಿಯ ಕಾಯುವಿಕೆಯನ್ನು 15 ಸೆಕೆಂಡಿಗೆ ಇಳಿಸುತ್ತೀರಿ, ಲಾಗಿನ್ ತೆಗೆದು ಮತ್ತೆ ಹಾಕುತ್ತೀರಿ. ಬೇಕಿದ್ದರೆ ಓಸಿಎಫ್‌ಎಸ್2ರ ಮಿತಿಯನ್ನು 61ಕ್ಕೆ ಏರಿಸಿ 120 ಸೆಕೆಂಡು ಮಾಡಬಹುದು, ಆದರೆ ಅದನ್ನು ಮೂರೂ ಯಂತ್ರದಲ್ಲಿ ಒಂದೇ ಆಗಿ ಬರೆಯಬೇಕು.

ಕೇಬಲ್ ಕೀಳುತ್ತೀರಿ. ಬರೆಯುತ್ತಿದ್ದ ಪರೀಕ್ಷೆಯ ಫೈಲು ನಿಂತಿತು. ಗಡಿಯಾರ ನೋಡುತ್ತಾ ನಿಲ್ಲುತ್ತೀರಿ. ಇಪ್ಪತ್ತು ಸೆಕೆಂಡು ತುಂಬುವಷ್ಟರಲ್ಲಿ ಮತ್ತೆ ಓಡತೊಡಗಿತು. ಪಟ್ಟಿಯಲ್ಲಿ ಒಂದು ಗೆರೆ ‘ಫೇಲ್ಡ್’, ಇನ್ನೊಂದು ‘ಆಕ್ಟಿವ್’. ಸ್ಕ್ಯಾನ್ ಎಂಬ ಹೆಸರು ಹಾಗೇ ಇದೆ.

ಒಂದನೆಯ ಮತ್ತು ಮೂರನೆಯ ಯಂತ್ರಗಳಿಗೂ ಇದೇ ಕೆಲಸ, ಒಂದೊಂದಾಗಿ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಎರಡೂಮುಕ್ಕಾಲಿಗೆ ಮೇಡಂ ಇನ್ನೊಂದು ಕೆಲಸ ತರುತ್ತಾರೆ. ನಿನ್ನೆಯ ಸ್ಕ್ಯಾನ್ ಲನ್ನಿನ ಸ್ನ್ಯಾಪ್‌ಶಾಟ್ ಒಂದನ್ನು ಮೂರನೆಯ ಯಂತ್ರಕ್ಕೆ ತೋರಿಸುತ್ತಾರಂತೆ, ಬ್ಯಾಕಪ್ ನೆಟ್ಟಗಿದೆಯೇ ನೋಡಬೇಕಂತೆ. ಅದು ಬಂದೊಡನೆ ಬಿಎಲ್‌ಕೆಐಡಿ ಕೊಟ್ಟು ನೋಡಿ: ಲೇಬಲ್ ಸ್ಕ್ಯಾನ್, ಯುಯುಐಡಿಯೂ ಅಕ್ಷರಕ್ಕಕ್ಷರ ಅದೇ. ತದ್ರೂಪಿ ಅಂದಮೇಲೆ ಹಾಗೇ ಇರಬೇಕು ತಾನೆ. ಎಫ್‌ಎಸ್‌ಟ್ಯಾಬಿನಲ್ಲಿ ಲೇಬಲ್ ಬಿಟ್ಟಿದ್ದರೆ ಮುಂದಿನ ರೀಬೂಟಿನಲ್ಲಿ ಈ ಯಂತ್ರ ನಿನ್ನೆಯ ಡಿಸ್ಕನ್ನು ಇವತ್ತಿನದೆಂದು ಮೌಂಟ್ ಮಾಡಬಹುದಿತ್ತು. ಯುಯುಐಡಿ ಬರೆದಿದ್ದರೂ ತಪ್ಪುತ್ತಿರಲಿಲ್ಲ. ಡಬ್ಲ್ಯುಡಬ್ಲ್ಯುಐಡಿ ಮಾತ್ರ ಬೇರೆ, ಯಾಕೆಂದರೆ ಅದನ್ನು ಕೊಡುವುದು ಪೆಟ್ಟಿಗೆ, ಫೈಲ್ ಸಿಸ್ಟಮ್ ಅಲ್ಲ. ಕ್ಲಸ್ಟರ್ ಡಿಸ್ಕಿಗೆ ಲೇಬಲ್ ಸಾಕು ಎನ್ನುವವರ ಜೊತೆ ನನ್ನ ತಕರಾರು ಇರುವುದು ಇಲ್ಲೇ. ಲೇಬಲ್ ಹಾಕಿ, ಮನುಷ್ಯರು ಓದಲಿ. ಮೌಂಟ್ ಮಾತ್ರ ಅಲಿಯಾಸಿನಿಂದ ಆಗಲಿ. ಸ್ನ್ಯಾಪ್‌ಶಾಟನ್ನು ಮೌಂಟ್ ಮಾಡುವ ಮುಂಚೆ ಓಸಿಎಫ್‌ಎಸ್2ರ ಟ್ಯೂನ್ ಉಪಕರಣಕ್ಕೆ ಇದು ತದ್ರೂಪಿ ಎಂದು ಹೇಳಿ ಹೊಸ ಯುಯುಐಡಿ, ಹೊಸ ಲೇಬಲ್ ಬರೆಸಬೇಕು. ಓಸಿಎಫ್‌ಎಸ್2 ‘ನಾನಿದ್ದೇನೆ’ ಗುರುತನ್ನು ಲೆಕ್ಕ ಇಡುವುದೂ ಯುಯುಐಡಿಯ ಮೇಲೆಯೇ. ಒಂದೇ ಯುಯುಐಡಿಯ ಎರಡು ಡಿಸ್ಕು ಒಂದು ಯಂತ್ರದಲ್ಲಿ ಒಟ್ಟಿಗೆ ಬಾಳಲಾರವು.

ಮೂರೂಕಾಲು. ಕೊನೆಯ ಸುತ್ತಿಗೆ ಮೂರನ್ನೂ ಸರದಿಯಲ್ಲಿ ರೀಬೂಟ್ ಮಾಡಿ ನೋಡುತ್ತೀರಿ. ಒಂದನೆಯದರಲ್ಲಿ ಸ್ಕ್ಯಾನಿನ ಕೆಳಗೆ ಬಿ ಮತ್ತು ಡಿ. ಎರಡನೆಯದರಲ್ಲಿ ಸಿ ಮತ್ತು ಡಿ. ಮೂರನೆಯದರಲ್ಲಿ ಬಿ ಮತ್ತು ಇ. ಮೂರರಲ್ಲೂ ಸ್ಕ್ಯಾನ್ ಡೈರೆಕ್ಟರಿಯಲ್ಲಿ ಇರುವುದು ಸ್ಕ್ಯಾನ್ ಕಡತಗಳೇ. ಅಳಿಸುವ ಸ್ಕ್ರಿಪ್ಟನ್ನು ಮತ್ತೆ ಶುರುಮಾಡುವ ಮುಂಚೆ ಅದಕ್ಕೂ ಒಂದು ಷರತ್ತು ಸೇರಿಸುತ್ತೀರಿ: ಮೌಂಟ್ ಆಗಿರುವ ಸಾಧನದ ಹೆಸರು ಮ್ಯಾಪರ್‌ನ ಬ್ಯಾಕಪ್ ಆಗಿರದಿದ್ದರೆ ಏನನ್ನೂ ಮುಟ್ಟದೆ ನಿಲ್ಲು.

ನಿಮ್ಮ ಕೈಕೆಳಗೂ ಇಂಥ ಕ್ಲಸ್ಟರ್ ಇದ್ದರೆ ನಾಳೆಯೇ ಪ್ರತಿ ಯಂತ್ರದ ಎಫ್‌ಎಸ್‌ಟ್ಯಾಬ್ ತೆರೆದು ನೋಡಿ. ಹಂಚಿಕೊಂಡ ಡಿಸ್ಕಿನ ಸಾಲು ಎಸ್‌ಡಿ ಎಂದೋ ಎಂಪಾತ್ ಎಂದೋ ಶುರುವಾಗಿದ್ದರೆ ಮುಂದಿನ ಕರ್ನಲ್ ಅಪ್‌ಡೇಟಿಗೆ ಮುಂಚೆ ಅದನ್ನು ತೆಗೆದುಬಿಡಿ.